ಅರವತ್ತೇಳನೇ ಬಾಟಲಿ

ಮೇಲೂರಿನ ರಾಮಾಂಜಿನಪ್ಪನಿಗೆ ಹೇಸಿಗೆ ಎನ್ನುವುದು ಚಿಕ್ಕಂದಿನಿಂದ ಬಂದ ಸೊತ್ತು. ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪ ಇರುತ್ತದಲ್ಲ, ಇವನಿಗೆ ಅದೇ ಜಾಗದಲ್ಲಿ ಹೇಸಿಗೆ ಕೂತಿತ್ತು. ಬಸ್ಸಿನ ಕಂಬಿ ಹಿಡಿಯಲು ಕರವಸ್ತ್ರ ಬೇಕು. ಹೋಟೆಲಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ತುಟಿಗೆ ಸೋಕಿಸದೆ ಎತ್ತಿ ಕುಡಿಯುತ್ತಿದ್ದ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವನು ಅನ್ನ ಸಾರು ಸೊರಸೊರ ಎಂದು ಎಳೆದರೆ ಇವನ ಎಲೆಯಲ್ಲಿದ್ದ ಪಾಯಸ ಹಾಗೇ ಉಳಿಯುತ್ತಿತ್ತು. ಹೆಂಡತಿ ಲಕ್ಷ್ಮೀನರಸಮ್ಮ ಹೊಸದಾಗಿ ಮನೆಗೆ ಬಂದಾಗ ಇದನ್ನು ಮಡಿ ಎಂದುಕೊಂಡು ಹೆದರಿದ್ದಳು. ವರ್ಷ ಕಳೆದ ಮೇಲೆ ಇದು ಮಡಿಯಲ್ಲ, ಬರೀ ಹೊಟ್ಟೆ ತೊಳಸುವ ರೋಗ ಎಂದು ಗೊತ್ತಾಗಿ ಹೆದರಿಕೆ ಬಿಟ್ಟಳು.

"ನಮ್ಮನೆಯೋರು ಸ್ವರ್ಗಕ್ಕೋದ್ರೂ ಬಾಗ್ಲು ಒರೆಸ್ಕೊಂಡೇ ಒಳಕ್ಕೋಗೋದು ಕಣೇ," ಎಂದು ನೆರೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಈ ರೋಗಕ್ಕೆ ಕಾರಣವಿತ್ತು. ಅವನಪ್ಪ ಆಂಜನಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಗಾರ. ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಿ, ರಾಟೆಗೆ ಕೊಡುವುದು. ಮಗನೂ ಬಾಣಲೆಗೆ ಕೈ ಹಾಕಲೇಬೇಕಿತ್ತು. ಗೂಡಿನ ಗೋಂದು ಬೆರಳ ಸಂದಿಯಲ್ಲಿ ಮೆತ್ತಿಕೊಂಡು ಒಣಗಿ ಬಿರಿಯುತ್ತಿತ್ತು. ಬೆಂದ ಹುಳುವಿನ ನಾತ ಅಂಗಿಗೆ, ಕೂದಲಿಗೆ, ಕೊನೆಗೆ ತಿನ್ನುವ ಮುದ್ದೆಗೂ ಹತ್ತುತ್ತಿತ್ತು. ಒಂದು ದಿನ ಶಾಲೆಯಲ್ಲಿ ಪಕ್ಕ ಕೂತಿದ್ದವನು ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋದ. ಅವತ್ತು ಮನೆಗೆ ಬಂದವನೇ ಅಮ್ಮ ಸೀರೆ ಒಗೆಯಲು ಇಟ್ಟಿದ್ದ ಅಂಟುವಾಳದ ಕಾಯಿ ಜಜ್ಜಿ, ನೊರೆ ಎಬ್ಬಿಸಿ, ಚರ್ಮ ಕೆಂಪಾಗುವವರೆಗೂ ಕೈ ಉಜ್ಜಿದ. ಅಲ್ಲಿಂದ ಮುಂದೆ ಅಂಟುವಾಳದ ಪುಡಿಯ ಸಣ್ಣ ಬಟ್ಟೆಚೀಲ ಅವನ ಜೇಬಿನಿಂದ ಇಳಿಯಲಿಲ್ಲ. ಸಾಬೂನಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ಸಾಬೂನು ಎಂದರೆ ಹತ್ತು ಜನರ ಕೈ ಸವರಿ ಸವೆದ ವಸ್ತು, ಅದರಿಂದ ಎಂಥಾ ಶುದ್ಧ ಎನ್ನುವುದು ಅವನ ವಾದ.

ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮುಗಿಸಿ, ರೇಷ್ಮೆಯ ಗಾಳಿ ಬೀಸದ ಯಾವ ಕೆಲಸವಾದರೂ ಸರಿ ಎಂದು ಊರೂರಿಗೆ ಅರ್ಜಿ ಹಾಕಿದ. ಸಿಕ್ಕಿದ್ದು ಚಿಂತಾಮಣಿ ರಸ್ತೆಯಲ್ಲಿದ್ದ ಒಂದು ಖಾಸಗಿ ಸಂಶೋಧನಾ ಕೇಂದ್ರದ ಅಟೆಂಡರ್ ಕೆಲಸ. ಅಲ್ಲಿ ಸಂಶೋಧನೆ ಮಾಡುತ್ತಿದ್ದದ್ದು ರೇಷ್ಮೆ ಹುಳುವಿನ ರೋಗಗಳ ಮೇಲೆ! ಯಾವುದರಿಂದ ಓಡಿ ಬಂದನೋ ಅದೇ ಬಿಳಿ ಕೋಟು ತೊಟ್ಟು ಎದುರಿಗೆ ನಿಂತಿತ್ತು. ಮೊದಲ ವಾರ ದಿನಕ್ಕೆರಡು ಸಲ ವಾಕರಿಸಿಕೊಂಡ. ಆಮೇಲೆ ಅವನಿಗೆ ಗಾಜಿನ ಸಾಮಾನು ತೊಳೆಯುವ ಕೆಲಸ ಕೊಟ್ಟರು. ಅಲ್ಲಿ ಅವನ ರೋಗವೇ ಅವನ ವಿದ್ಯೆಯಾಯಿತು. ಬೇರೆಯವರು ಮೂರು ಸಲ ತೊಳೆದರೆ ಇವನು ಏಳು ನೀರು. ಲೋಟವಾಗಲಿ, ಕೊಳವೆಯಾಗಲಿ, ಬಾಟಲಿಯಾಗಲಿ, ಬೆಳಕಿಗೆ ಹಿಡಿದರೆ ಚುಕ್ಕೆ ಕಾಣಬಾರದು. "ರಾಮಾಂಜಿನಪ್ಪ ತೊಳೆದದ್ದಾ? ಹಾಗಾದರೆ ನೋಡುವುದೇ ಬೇಡ," ಎನ್ನುವ ಮಾತು ಕೇಂದ್ರದಲ್ಲಿ ರೂಢಿಗೆ ಬಂತು. ಇಪ್ಪತ್ತು ವರ್ಷದಲ್ಲಿ ಅಟೆಂಡರ್ ಹೋಗಿ ಟೆಕ್ನಿಷಿಯನ್ ಆದ. ಆದರೆ ಅವನಿಗೆ ಆ ಹುದ್ದೆಗಿಂತ ಆ ಮಾತೇ ದೊಡ್ಡದಾಗಿತ್ತು. ತನ್ನ ಹೆಸರು ಹೇಳಿದರೆ ಜನಕ್ಕೆ ಶುದ್ಧ ಎಂದು ಕೇಳಿಸುತ್ತದೆ, ಇನ್ನೇನು ಬೇಕು?

ಎರಡು ಸಾವಿರದ ಆರನೇ ಇಸವಿಯಲ್ಲಿ ಡಾಕ್ಟರ್ ವಾದಿರಾಜ ಎನ್ನುವ ವಿಜ್ಞಾನಿ ಅಲ್ಲೊಂದು ಹೊಸ ಸಂಶೋಧನೆ ಶುರುಮಾಡಿದರು. ಓದಿಕೊಂಡವರು, ಮಾತು ಬೆಣ್ಣೆ. ಆದರೆ ಪುಸ್ತಕದ ಹಾಳೆ ತಿರುವುವಾಗಲೆಲ್ಲ ನಾಲಿಗೆಗೆ ಬೆರಳು ಅದ್ದಿ ಎಂಜಲು ಮಾಡಿಯೇ ತಿರುವುವ ಚಾಳಿ. ಲ್ಯಾಬಿನ ದಾಖಲೆ ಪುಸ್ತಕದ ಪ್ರತಿ ಹಾಳೆಯ ಮೂಲೆಯೂ ಅವರ ಎಂಜಲಿನಿಂದ ಉಬ್ಬಿ ನಿಂತಿತ್ತು. ಅದರಲ್ಲಿ ಲೆಕ್ಕ ಬರೆಯುವಾಗ ರಾಮಾಂಜಿನಪ್ಪ ಹಾಳೆಯ ನಡುಭಾಗ ಹಿಡಿದು ತಿರುವುತ್ತಿದ್ದ.

ಸಂಶೋಧನೆ ಯಾವುದರ ಮೇಲೆ ಎಂದು ಅವನಿಗೆ ತಿಳಿಸಿ ಹೇಳಿದವಳು ಅಕ್ಷಯಾ. ಗೌರಿಬಿದನೂರಿನ ಮೇಷ್ಟರ ಮಗಳು, ವಾದಿರಾಜರ ಕೈಕೆಳಗೆ ಪಿಎಚ್‌ಡಿಗೆ ಸೇರಿದ್ದಳು.

"ಹುಳದ ಮೈಯೊಳಗೆ ಊಜಿ ನೊಣದ ಮರಿ ಹೊಕ್ಕುತ್ತಲ್ಲ ರಾಮಾಂಜಿನಪ್ಪನೋರೇ, ಆಗ ಹುಳದ ರಕ್ತದಲ್ಲಿರೋ ಜೀವಕೋಶಗಳು ಓಡ್ಬಂದು ಅದರ ಮೇಲೆ ಅಂಟ್ಕೊಂಡು ಗೋಡೆ ಕಟ್ಟೋಕೆ ನೋಡ್ತಾವೆ. ಅಂಟ್ಕೊಳ್ಳೋಕೆ ಕೋಶದ ಮೈಮೇಲೆ ಕೈ ಥರದ್ದು ಒಂದಿರುತ್ತೆ. ಗ್ರಾಹಕ ಅಂತಾರೆ ಅದನ್ನ. ಮೈಮೇಲೆ ಸಾವಿರ ಥರ ಇದಾವೆ. ಅದರಲ್ಲಿ ಅಂಟೋ ಕೈ ಯಾವ್ದು ಅಂತ ಹಿಡೀಬೇಕು ನಾವು. ಸಿಕ್ಕಿದ್ರೆ ಊಜಿಗೆ ಬಗ್ಗದ ಹುಳದ ತಳಿ ಮಾಡ್ಬೋದು."

"ಅಂಟೋದು ಅಂದ್ರೆ ನಂಗಾಗಲ್ಲ ಕಣಮ್ಮಾ. ಹೋಗಿ ಹೋಗಿ ನನ್ನನ್ನೇ ಹಾಕಿದ್ರಾ ಇದಕ್ಕೆ?"

"ನಿಮ್ಮನ್ನೇ ಕೇಳಿ ಹಾಕಿಸ್ಕೊಂಡಿದ್ದು ನಾನು. ಅಂಟದೇ ಉಳಿದಿದ್ದನ್ನ ತೊಳೆಯೋಕೆ ಬೇರೆ ಯಾರ ಕೈಯೂ ಆಗಲ್ಲ."

ಮೊದಲು ಹುಳುವಿನ ಕೋಶಗಳನ್ನು ಇಲಿಗೆ ಚುಚ್ಚುವುದು. ಇಲಿಯ ಮೈ ಅದರ ವಿರುದ್ಧ ನೂರಾರು ಬಗೆಯ ಆಂಟಿಬಾಡಿ ಮಾಡುತ್ತದೆ. ಒಂದೊಂದು ಆಂಟಿಬಾಡಿ ಕೋಶದ ಮೈಮೇಲಿನ ಒಂದೊಂದೇ ಕೈಯನ್ನು ಹೋಗಿ ಹಿಡಿಯುತ್ತದೆ. ಅವನ್ನು ಬೇರೆಬೇರೆ ಮಾಡಿ ನಂಬರು ಹಾಕಿ ಬಾಟಲಿಗೆ ತುಂಬಿಡುತ್ತಾರೆ. ಆಮೇಲೆ ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಹುಳುವಿನ ಕೋಶ ಬಿಟ್ಟು, ಗುಳಿಗೊಂದು ನಂಬರಿನ ಆಂಟಿಬಾಡಿ ಹಾಕಿ, ಗಂಟೆ ಬಿಟ್ಟು ತೊಳೆಯಬೇಕು. ಗೋಡೆಗೆ ತಟ್ಟಿದ ಬೆರಣಿಯ ಹಾಗೆ ಕೋಶಗಳು ಗುಳಿಯ ತಳಕ್ಕೆ ಅಂಟಿಕೊಂಡಿದ್ದರೆ ಆ ನಂಬರು ಉಪಯೋಗವಿಲ್ಲ. ಯಾವ ಗುಳಿಯಲ್ಲಿ ಎಲ್ಲವೂ ತೊಳೆದುಹೋಗುತ್ತದೋ, ಆ ನಂಬರಿನ ಆಂಟಿಬಾಡಿ ಅಂಟುವ ಕೈಯನ್ನೇ ಹಿಡಿದುಕೊಂಡಿದೆ ಎಂದರ್ಥ. ಅದನ್ನೇ ಗಾಳವಾಗಿ ಹಾಕಿ ಗ್ರಾಹಕವನ್ನು ಮೇಲೆಳೆಯಬಹುದು.

ತೊಳೆಯುವ ಕೈ ಒಂದು ಗುಲಗಂಜಿ ಜೋರಾದರೆ ಅಂಟಿದ್ದೂ ಕಿತ್ತುಬರುತ್ತದೆ, ಮೆತ್ತಗಾದರೆ ಅಂಟದ್ದೂ ಉಳಿಯುತ್ತದೆ. ರಾಮಾಂಜಿನಪ್ಪ ಉಸಿರು ಹಿಡಿದು ಮೂರು ಸಲ ತೊಳೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಉಳಿದದ್ದನ್ನು ಎಣಿಸುತ್ತಿದ್ದ. ಹುಳುವಿನ ಕಾಲು ಕತ್ತರಿಸಿ ರಕ್ತ ತೊಟ್ಟಿಕ್ಕಿಸುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದ. ಬೆರಳಿಗೆ ಆ ಹಳದಿ ಲೋಳೆ ಸೋಕಿದರೆ ಅವತ್ತಿನ ಊಟ ಅಲ್ಲಿಗೆ ಮುಗಿಯಿತು.

ಅದಕ್ಕಿಂತ ಹೇಸಿಗೆ ಇಲಿ ಸಾಕುವ ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವನು ಆವುಲಪ್ಪ. ಬಾಯಲ್ಲಿ ಸದಾ ಹೊಗೆಸೊಪ್ಪು, ಗೋಡೆಯ ಮೂಲೆಯಲ್ಲೆಲ್ಲ ಅದರ ಕಲೆ. ಇಲಿಗೆ ಕಾಳು ಹಾಕಿದ ಕೈಯಲ್ಲೇ ಬನ್ನು ಮುರಿದು ತಿನ್ನುವವನು. ಒಂದು ದಿನ ಅವನು ತೊಳೆದು ತಂದಿಟ್ಟ ಕಂದು ಗಾಜಿನ ಬಾಟಲಿಗಳಲ್ಲಿ ಒಂದನ್ನು ರಾಮಾಂಜಿನಪ್ಪ ಮೂಸಿ ನೋಡಿದ. ಹೊಗೆಸೊಪ್ಪಿನ ನಾತ ಗಪ್ಪನೆ ಹೊಡೆಯಿತು. ತಳದಲ್ಲಿ ಏನೋ ಕಪ್ಪಗೆ ಒಣಗಿತ್ತು.

"ಏನ್ಲಾ ಇದು?"

"ಏಮಿ ಲೇದಣ್ಣಾ, ಏನಿಲ್ಲ, ಮೊನ್ನೆ ಉಗುಳೋಕೆ ಜಾಗ ಸಿಗ್ಲಿಲ್ಲ, ಕೈಗೆ ಸಿಕ್ತು ಅಂತ... ತೊಳ್ದಿದೀನಣ್ಣಾ ಆಮೇಲೆ!"

ರಾಮಾಂಜಿನಪ್ಪ ಬಾಟಲಿಯನ್ನು ತೋಳಿನುದ್ದ ದೂರ ಹಿಡಿದ. ಎಸೆಯೋಣವೆಂದರೆ ಬಾಟಲಿಗಳು ಎಣಿಸಿದಷ್ಟೇ ಇದ್ದವು. ಲ್ಯಾಬಿನ ಸೋಪು ಪುಡಿ ಇದಕ್ಕೆ ಸಾಲದು ಎನ್ನಿಸಿ, ಜೇಬಿನ ಚೀಲದಿಂದ ಅಂಟುವಾಳದ ಪುಡಿ ಮೂರು ಚಿಟಿಕೆ ಹಾಕಿ, ಬಿಸಿನೀರು ಬಿಟ್ಟು ಊಟದ ಹೊತ್ತಿನವರೆಗೂ ನೆನೆಸಿದ. ಗಸಗಸ ಉಜ್ಜಿದ. ಒಂದು ನೀರು ಹಾಕಿ ಕುಲುಕಿ ಚೆಲ್ಲಿದ. ಎರಡನೆಯದಕ್ಕೆ ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬಂತೇ ಹೊರತು ನೀರಿಲ್ಲ. ಬೋರ್‌ವೆಲ್ ಮೋಟಾರು ಸುಟ್ಟುಹೋಗಿದೆ ಎಂದರು. ಮಿಕ್ಕ ಆರು ನೀರು ನಾಳೆ ಹಾಕಿದರಾಯಿತು ಎಂದು ಬಾಟಲಿಯನ್ನು ಒರಗಿಸಿಟ್ಟು ಊರಿಗೆ ಹೊರಟ. ಮರುದಿನ ಬಂದು ನೋಡಿದರೆ ಆ ಜಾಗದಲ್ಲಿ ಬಾಟಲಿ ಇರಲಿಲ್ಲ. ಆವುಲಪ್ಪ ಎತ್ತಿ ಎಸೆದಿರಬೇಕು, ಪೀಡೆ ಹೋಯಿತು ಎಂದುಕೊಂಡು ಮರೆತುಬಿಟ್ಟ.

ಎಸೆದಿರಲಿಲ್ಲ. ಅವತ್ತು ಬೆಳಗ್ಗೆ ಬೇಗ ಬಂದಿದ್ದ ಅಕ್ಷಯಾ, ರಾಮಾಂಜಿನಪ್ಪ ತೊಳೆದಿಟ್ಟದ್ದಲ್ಲವೇ ಎಂದು ನೋಡದೆಯೇ ತೆಗೆದುಕೊಂಡು ಹೋಗಿ, ಅರವತ್ತೇಳನೇ ನಂಬರಿನ ಆಂಟಿಬಾಡಿ ತುಂಬಿಸಿ ಫ್ರಿಜ್ಜಿಗೆ ಇಟ್ಟಿದ್ದಳು.

ಎರಡು ತಿಂಗಳ ಮೇಲೆ ಅರವತ್ತೇಳರ ಸರದಿ ಬಂತು. ರಾಮಾಂಜಿನಪ್ಪ ತೊಳೆದು ನೋಡಿದ. ಗುಳಿಯಲ್ಲಿ ಒಂದು ಕೋಶವೂ ಇಲ್ಲ! ನಾಲ್ಕು ಸಲ ಮಾಡಿದರೂ ಅದೇ. ಅಕ್ಷಯಾ ಕುಣಿದಾಡಿದಳು. ವಾದಿರಾಜರು ಲ್ಯಾಬಿಗೆಲ್ಲ ಮೈಸೂರು ಪಾಕು ಹಂಚಿದರು. ಕೋಶಗಳು ಬದುಕಿದ್ದಾವೋ ಸತ್ತಿದ್ದಾವೋ ಎಂದು ನೀಲಿ ಬಣ್ಣ ಹಾಕಿ ನೋಡುವ ಪರೀಕ್ಷೆಯೊಂದಿದೆ. ಅದನ್ನೂ ಮಾಡಿಬಿಡಲೇ ಎಂದು ಅಕ್ಷಯಾ ಕೇಳಿದಾಗ ಅವರು, "ಅದೆಲ್ಲಾ ಆಮೇಲಮ್ಮಾ, ಮೊದಲು ಪೇಪರ್ ಕಳಿಸಣ," ಎಂದರು. ಲೇಖನ ಹೊರದೇಶದ ಪತ್ರಿಕೆಗೆ ಹೋಯಿತು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಅಕ್ಷಯಾ ಜ್ವರ ಬಂದು ರಜೆ ಹಾಕಿದ್ದಳು. ಆಂಟಿಬಾಡಿ ಹಾಕುವ ಕೆಲಸವೂ ರಾಮಾಂಜಿನಪ್ಪನ ಪಾಲಿಗೆ ಬಂತು. ಫ್ರಿಜ್ಜಿನಿಂದ ಅರವತ್ತೇಳನ್ನು ತೆಗೆದು ಮೆಲ್ಲಗೆ ಅಲ್ಲಾಡಿಸಿದ. ಒಳಗೆ ನೊರೆ ಎದ್ದಿತು. ಬೇರೆ ಬಾಟಲಿಗಳಲ್ಲೂ ಸ್ವಲ್ಪ ನೊರೆ ಬರುತ್ತದೆ, ಕ್ಷಣದಲ್ಲಿ ಇಳಿಯುತ್ತದೆ. ಇದು ಇಳಿಯಲಿಲ್ಲ. ಸಣ್ಣ ಸಣ್ಣ ಗುಳ್ಳೆ, ಬಿಗಿಯಾದ ನೊರೆ. ದಿನಾ ಹತ್ತು ಸಲ ತನ್ನ ಅಂಗೈಯಲ್ಲಿ ನೋಡುವ ನೊರೆಯನ್ನು ಅವನು ಗುರುತು ಹಿಡಿಯದೆ ಇರುತ್ತಾನೆಯೇ? ಮುಚ್ಚಳ ತೆಗೆದು ಮೂಸಿದ. ಬಾಟಲಿಯ ತಳ ತಿರುಗಿಸಿ ನೋಡಿದ. ಆವುಲಪ್ಪನ ಕರಿಯ ಕಲೆ ಗಾಜಿನೊಳಗೆ ಇನ್ನೂ ಒಂದು ಎಳೆ ಉಳಿದಿತ್ತು.

ಬಾಟಲಿಯನ್ನು ಮೇಜಿನ ಮೇಲಿಟ್ಟ. ಅನುಮಾನ ತೀರಿಸಿಕೊಳ್ಳಲು ತಾನೇ ಪರೀಕ್ಷೆಗೆ ಕೂತ. ಒಂದು ಗುಳಿಗೆ ಆಂಟಿಬಾಡಿಯೇ ಇಲ್ಲದೆ ಬರೀ ಅಂಟುವಾಳದ ನೀರು ಹಾಕಿದ. ತೊಳೆದ. ಒಂದೂ ಉಳಿಯಲಿಲ್ಲ. ಅರವತ್ತೇಳು ಹಾಕಿದ ಗುಳಿಯ ಕೋಶಗಳಿಗೆ, ತೊಳೆಯುವ ಮೊದಲೇ, ನೀಲಿ ಬಣ್ಣ ಬಿಟ್ಟ. ಬದುಕಿರುವ ಕೋಶ ಬಣ್ಣ ಕುಡಿಯುವುದಿಲ್ಲ. ಇವೆಲ್ಲ ಕಡುನೀಲಿ. ಅಂಟದೆ ಹೋದದ್ದಲ್ಲ, ಸತ್ತುಹೋದದ್ದು. ಆರು ತಿಂಗಳಿಂದ ಎಲ್ಲರೂ ಕುಣಿದದ್ದು ತಾನು ಅರ್ಧ ತೊಳೆದ ಒಂದು ಉಗುಳಿನ ಬಾಟಲಿಯ ಸುತ್ತ. ಅವನಿಗೆ ತನ್ನ ಕೈಯ ಮೇಲೇ ಹೇಸಿಗೆ ಬಂತು.

ನೇರ ವಾದಿರಾಜರ ಕೋಣೆಗೆ ಹೋದ.

"ಸಾರ್, ಅರವತ್ತೇಳನೇ ಬಾಟ್ಲೀಲಿ ಅಂಟುವಾಳ ಉಳ್ಕೊಂಡಿದೆ ಸಾರ್. ಅದಕ್ಕೇ ಕೋಶ ಸಾಯ್ತಿರೋದು. ನಂದೇ ತಪ್ಪು ಸಾರ್, ಸರಿಯಾಗಿ ತೊಳೆದಿರಲಿಲ್ಲ." ಎಲ್ಲವನ್ನೂ ಬಿಡಿಸಿ ಹೇಳಿದ.

ವಾದಿರಾಜರು ಎದ್ದು ಬಾಗಿಲು ಹಾಕಿದರು. "ಪೇಪರ್ ನಿನ್ನೆ ಒಪ್ಕೊಂಡಿದಾರೆ ರಾಮಾಂಜಿನಪ್ಪ. ಈಗ ಅಂಟುವಾಳ ಗಿಂಟುವಾಳ ಅಂತ ಯಾರ ಮುಂದೇನೂ ಹೇಳ್ಬೇಡಿ. ಅದರಲ್ಲಿ ನಿಮ್ಮ ಹೆಸರೂ ಹಾಕಿದೀನಿ, ಗೊತ್ತಾ? ಇಪ್ಪತ್ತು ವರ್ಷದಿಂದ ಬಾಟ್ಲಿ ತೊಳೀತಿದೀರಲ್ಲ, ಯಾರಾದ್ರೂ ಹಾಕಿದ್ರೇನ್ರೀ ನಿಮ್ಮ ಹೆಸರು?"

"ನನ್ನ ಹೆಸರು ತೆಗೀರಿ ಸಾರ್."

"ತೆಗೆದ್ರೆ ಯಾಕೆ ತೆಗೆದ್ರಿ ಅಂತ ಕೇಳ್ತಾರೆ. ಆಮೇಲೆ ಬಾಟ್ಲಿ ತೊಳೆದಿದ್ದು ಯಾರು ಅಂತಾನೂ ಕೇಳ್ತಾರೆ. ರಾಮಾಂಜಿನಪ್ಪ ತೊಳೆದಿದ್ದು ಅಂತ ಹೇಳ್ಲಾ?" ಎಂದು ನಗುತ್ತಲೇ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಈಗಷ್ಟೇ ಹಾಳೆ ತಿರುವಿದ ಕೈ ಅದು. ಬೆರಳಿನ ತೇವ ಅಂಗಿಯ ಒಳಗೆ ಇಳಿದಂತಾಗಿ ರಾಮಾಂಜಿನಪ್ಪ ಭುಜ ಜಾರಿಸಿಕೊಂಡು ಹೊರಗೆ ಬಂದ.

ಥೂ, ಎಂಥಾ ಜನ ಇವರು! ಹೊಗೆಸೊಪ್ಪು ಉಗಿದ ಆವುಲಪ್ಪನೇ ವಾಸಿ, ಉಗಿದೆ ಎಂದು ಒಪ್ಪಿಕೊಳ್ಳುತ್ತಾನೆ.

ಜ್ವರ ಬಿಟ್ಟು ಅಕ್ಷಯಾ ಬಂದ ದಿನ ಅವಳಿಗೂ ಹೇಳಿದ. ಅವಳು ನಂಬಲಿಲ್ಲ. ಮೂರು ವಾರ ಕೂತು ಅರವತ್ತೇಳನೇ ನಂಬರಿನ ಆಂಟಿಬಾಡಿಯನ್ನು ಹೊಸದಾಗಿ ತಯಾರಿಸಿ ಹೊಸ ಬಾಟಲಿಗೆ ಹಾಕಿದಳು. ಗುಳಿಗೆ ಬಿಟ್ಟಳು. ರಾಮಾಂಜಿನಪ್ಪ ತೊಳೆದ. ಕೋಶಗಳು ಒಂದೂ ಕದಲದೆ ಗುಳಿಯ ತಳಕ್ಕೆ ಅಂಟಿಕೊಂಡು ಕೂತಿದ್ದವು. ಅಕ್ಷಯಾ ತಟ್ಟೆಯನ್ನು ತಿರುಗಿಸಿ ಇನ್ನೊಮ್ಮೆ ಎಣಿಸಿದಳು.

"ನನ್ನ ಥೀಸಿಸ್ ಪೂರ್ತಿ ಇದರ ಮೇಲೇ ಇದೆ," ಎಂದಳು ಕೊನೆಗೆ. "ಅಪ್ಪ ಊರೆಲ್ಲಾ ಹೇಳ್ಕೊಂಡು ಬಂದಿದಾರೆ. ಸ್ವಲ್ಪ ದಿನ ಸುಮ್ನಿರಿ, ನಿಮ್ಮ ದಮ್ಮಯ್ಯ. ನಾನೇ ಸಾರ್ ಹತ್ರ ಮಾತಾಡ್ತೀನಿ."

ಮಾತಾಡಿದಳೋ ಬಿಟ್ಟಳೋ, ಅವನು ಕೇಳಲಿಲ್ಲ. ಆಮೇಲೆ ಅವಳು ಅವನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು. ಮಗಳ ವಯಸ್ಸಿನ ಹುಡುಗಿಯ ಇಷ್ಟು ದಿನದ ದುಡಿಮೆ ಮಣ್ಣಾಗುತ್ತದೆ ಎಂದು ಅವನೂ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡ ಬಾಯಿಯಲ್ಲಿ ದಿನಾ ಒಂದೇ ರುಚಿ, ಬಾಣಲೆಯಲ್ಲಿ ಬೆಂದ ಹುಳುವಿನದು. ಮನೆಯಲ್ಲಿ ಲಕ್ಷ್ಮೀನರಸಮ್ಮ, "ಕೈಯ ಚರ್ಮ ಕಿತ್ತೋಗಂಗೆ ಉಜ್ತೀಯಲ್ಲಯ್ಯಾ, ಏನಾಗಿದೆ ನಿಂಗೆ?" ಎಂದು ಕೇಳಿದರೆ ಸಿಡುಕುತ್ತಿದ್ದ.

ಲೇಖನ ಅಚ್ಚಾಗಿ ಬಂತು. ವಾದಿರಾಜರು ನಾಲಿಗೆಗೆ ಬೆರಳು ಅದ್ದಿ ಹಾಳೆ ತಿರುವಿ, "ನೋಡಿ, ಇಲ್ಲಿದೀರಿ," ಎಂದು ತೋರಿಸಿದರು. ಮೂರನೇ ಹೆಸರು, ಎಂಜಲಿನ ಗುರುತಿನ ಪಕ್ಕದಲ್ಲೇ.

ಅದೇ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯ ಮೊದಲ ರಾಜ್ಯೋತ್ಸವ ಎಂದು ಎಲ್ಲ ಊರಿನವರಿಗೂ ಉತ್ಸಾಹ, ಸನ್ಮಾನಕ್ಕೆ ಜನ ಹುಡುಕುತ್ತಿದ್ದರು. ಮೇಲೂರಿನ ರಾಜ್ಯೋತ್ಸವ ಸಮಿತಿಯ ಅಧ್ಯಕ್ಷ ವೆಂಕಟರವಣಪ್ಪನಿಗೆ, ನಮ್ಮೂರಿನವನ ಹೆಸರು ಹೊರದೇಶದ ಪತ್ರಿಕೆಯಲ್ಲಿ ಬಂದಿದೆ ಎನ್ನುವ ಸುದ್ದಿ ಎಲ್ಲಿಂದಲೋ ಸಿಕ್ಕಿತು. ಸುದ್ದಿ ಕೊಟ್ಟವರು ವಾದಿರಾಜರೇ ಎಂದು ರಾಮಾಂಜಿನಪ್ಪನಿಗೆ ಆಮೇಲೆ ಗೊತ್ತಾಯಿತು. ಮುಖ್ಯ ಅತಿಥಿಯೂ ಅವರೇ. ರಾಮಾಂಜಿನಪ್ಪ ಬೇಡವೆಂದು ಕೈಮುಗಿದ. ವೆಂಕಟರವಣಪ್ಪ ಕೇಳಬೇಕಲ್ಲ! ಕೊನೆಗೆ, ಊರೆಲ್ಲ ಸೇರಿರುತ್ತದೆ, ಮೈಕು ಇರುತ್ತದೆ, ಅಲ್ಲೇ ಹೇಳಿ ತೊಳೆದುಕೊಂಡುಬಿಡುತ್ತೇನೆ ಎಂದು ಒಪ್ಪಿಕೊಂಡ.

ನವೆಂಬರ್ ಒಂದರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಪೆಂಡಾಲು. ಅಕ್ಷಯಾ ಕೂಡ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ರಾಮಾಂಜಿನಪ್ಪನ ತಲೆಗೆ ಯಾರೋ ಹಾಕಿ ತೆಗೆದ ಪೇಟ ಇಟ್ಟರು, ಅದರ ಒಳಗಿನ ಎಣ್ಣೆಜಿಡ್ಡು ಹಣೆಗೆ ತಗುಲಿತು. ಕೊರಳಿಗೆ ಬಿದ್ದ ಚೆಂಡುಹೂವಿನ ಹಾರ ನೀರು ಚಿಮುಕಿಸಿದ್ದರಿಂದ ಒದ್ದೆಯಾಗಿ, ಬಣ್ಣ ಬಿಟ್ಟು ಬಿಳಿ ಅಂಗಿಯೆಲ್ಲ ಹಳದಿ ಮಾಡಿತು. ಹೆಗಲಿಗೆ ಶಾಲು ಹೊದಿಸಿ ಕೊಟ್ಟ ಬುಟ್ಟಿಯಲ್ಲಿ ಬಾಳೆಹಣ್ಣು ಕಪ್ಪಾಗಿ ಸೋರುತ್ತಿತ್ತು. ವಾದಿರಾಜರು ಅರ್ಧ ಗಂಟೆ ಭಾಷಣ ಮಾಡಿ, "ರಾಮಾಂಜಿನಪ್ಪನವರ ಕೈ ಇಲ್ಲದಿದ್ದರೆ ಈ ಸಂಶೋಧನೆಯೇ ಇಲ್ಲ," ಎಂದರು. ಅದೊಂದು ಮಾತು ನಿಜವಾಗಿತ್ತು.

ಮೈಕು ಕೈಗೆ ಬಂತು. ಎಷ್ಟು ಜನರ ಬಾಯಿ ಸೋಕಿದ ಮೈಕೋ ಏನೋ, ಒಂದು ಗೇಣು ದೂರ ಹಿಡಿದು ಮಾತಾಡಿದ.

"ಎಲ್ರಿಗೂ ನಮಸ್ಕಾರ. ಸಾರ್ ಹೇಳಿದ್ದು ಸರಿಯಿಲ್ಲ. ಆ ಬಾಟ್ಲೀಲಿ ಕೆಲಸ ಮಾಡಿದ್ದು ಇವರ ಔಷ್ದಿ ಅಲ್ಲ. ಅಂಟುವಾಳದ ಪುಡಿ. ಬಾಟ್ಲಿ ತೊಳೆಯೋನು ನಾನು, ಅವತ್ತು ಸರಿಯಾಗಿ ತೊಳೀಲಿಲ್ಲ. ಅಂಟುವಾಳ ತಾಗಿ ಕೋಶ ಸತ್ತೋದ್ವು. ಇಲ್ಲಿ ಯಾರೂ ಏನೂ ಕಂಡ್ಹಿಡಿದಿಲ್ಲ. ಈ ಶಾಲು ನಂಗೆ ಬೇಡ."

ಶಾಲು ತೆಗೆದು ಕುರ್ಚಿಯ ಮೇಲಿಟ್ಟ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ವಾದಿರಾಜರು. ತಟ್ಟುತ್ತಲೇ ಎದ್ದು ಬಂದು ಮೈಕಿಗೆ ಬಾಯಿಟ್ಟು, "ನೋಡಿದ್ರಾ! ಹೊರದೇಶದಲ್ಲಿ ಹೆಸರು ಬಂದಮೇಲೂ ನಾನು ಬಾಟ್ಲಿ ತೊಳೆಯೋನು ಅಂತಾರೆ! ಇದು ದೊಡ್ಡತನ!" ಎಂದರು. ಆಮೇಲೆ ಊರೇ ತಟ್ಟಿತು. ವೆಂಕಟರವಣಪ್ಪ ಕಣ್ಣೊರೆಸಿಕೊಂಡು, "ಎಂಥಾ ವಿನಯ ಕಣಪ್ಪಾ ನಮ್ಮ ರಾಮಾಂಜಿನಪ್ಪಂದು," ಎಂದು ಶಾಲನ್ನು ಮತ್ತೆ ಹೊದಿಸಿದ. ಹಿಪ್ಪುನೇರಳೆ ಬೆಳೆಗಾರ ಮುನಿಗಂಗಪ್ಪ ವೇದಿಕೆಯ ಹತ್ತಿರ ಬಂದು, ಹಾಗಾದರೆ ಊಜಿಗೆ ಅಂಟುವಾಳದ ನೀರು ಚಿಮುಕಿಸಬಹುದಾ ಎಂದು ಗುಟ್ಟಾಗಿ ಕೇಳಿದ. ಅಷ್ಟು ಜನರಲ್ಲಿ ಅಕ್ಷಯಾ ಒಬ್ಬಳು ಚಪ್ಪಾಳೆ ತಟ್ಟದೆ ತಲೆ ತಗ್ಗಿಸಿ ಕೂತಿದ್ದಳು.

ಇಳಿಯುವಾಗ ವಾದಿರಾಜರು ಅವನ ಭುಜ ಹಿಡಿದು ಕಿವಿಯ ಹತ್ತಿರ ಬಾಯಿ ತಂದರು. "ಆಯ್ತಲ್ಲ, ಹೇಳ್ಕೊಂಡ್ರಲ್ಲ? ಸಮಾಧಾನ ಆಯ್ತಾ? ನಾನು ಮಧ್ಯಾಹ್ನ ದಿಲ್ಲಿಗೆ ಹೋಗ್ತಿದೀನಿ. ಜಪಾನಿನವರು ಅರವತ್ತೇಳರ ಸ್ಯಾಂಪಲ್ ಕೇಳಿದಾರೆ, ಅವರ ಲ್ಯಾಬಲ್ಲೂ ಮಾಡಿ ನೋಡ್ತಾರಂತೆ. ನಾಳೆ ಕೊರಿಯರ್ ಮಾಡ್ಬಿಡಿ. ಹಳೇ ಬಾಟ್ಲಿಯಿಂದ್ಲೇ, ತಿಳೀತಾ? ಹೊಸದು ಬೇಡ."

ಮನೆಗೆ ಬಂದವನು ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರಿಸಿದ. ಲಕ್ಷ್ಮೀನರಸಮ್ಮ ಸಭೆಯಲ್ಲಿ ಹೆಂಗಸರ ಜೊತೆ ಕೂತು ಎಲ್ಲವನ್ನೂ ಕೇಳಿದ್ದಳು. ಒಂದು ಬಕೆಟ್ಟು ನೀರು ತಂದು ಮುಂದಿಟ್ಟಳು.

"ನೀನ್ ಹೇಳಿದ್ದು ನಿಜಾನಾ?"

"ನಿಜ."

"ಮತ್ತೆ ಅವ್ರು ಹಂಗ್ಯಾಕೆ ತಟ್ಟಿದ್ರು?"

"ನಾನೇನ್ ಹೇಳಿದ್ರೂ ತಟ್ತಾರೆ. ಅಸಹ್ಯ."

ಅವಳು ಅವನ ಕೊರಳಿನ ಹಾರ ತೆಗೆದು ಗೊಬ್ಬರದ ಗುಂಡಿಗೆ ಎಸೆದಳು. "ನಿಂಗೆ ಮಾತು ಯಾವತ್ತು ಬರ್ತಿತ್ತು ಹೇಳು, ಇವತ್ತು ಬರೋಕೆ? ನಿಂಗೆ ಬರೋದು ತೊಳೆಯೋದು. ಕೆಟ್ಟಿದ್ದೂ ಅದ್ರಲ್ಲೇ ತಾನೇ?"

ರಾಮಾಂಜಿನಪ್ಪ ತಲೆಯೆತ್ತಿ ಹೆಂಡತಿಯ ಮುಖವನ್ನೇ ನೋಡಿದ.

ಮರುದಿನ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದ. ಫ್ರಿಜ್ಜಿನಿಂದ ಕಂದು ಬಾಟಲಿ ತೆಗೆದುಕೊಂಡು ನಲ್ಲಿಯ ಹತ್ತಿರ ಹೋದ. ನೀರು ಧಾರಾಳವಾಗಿ ಬರುತ್ತಿತ್ತು. ಒಳಗಿದ್ದದ್ದನ್ನು ಚೆಲ್ಲಿ ಮೊದಲ ನೀರು ಹಾಕಿ ಕುಲುಕಿದ. ನೊರೆ ಬಾಯಿಯವರೆಗೂ ಎದ್ದಿತು. ಎರಡನೇ ನೀರು, ಮೂರನೇ ನೀರು. ನಾಲ್ಕಕ್ಕೆ ನೊರೆ ತೆಳುವಾಯಿತು. ಹಿಂದೆ ಚಪ್ಪಲಿ ಸದ್ದಾಯಿತು. ಅಕ್ಷಯಾ ನಿಂತಿದ್ದಳು. ಅವನು ಅವಳ ಕಡೆ ತಿರುಗದೆ ಐದನೇ ನೀರು ಹಾಕಿದ. ಬಾಟಲಿ ಹೋದರೆ ತನ್ನ ಥೀಸಿಸ್ಸೂ ಅದರ ಜೊತೆ ಚರಂಡಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಿರುಚುತ್ತಾಳೆ ಎಂದುಕೊಂಡಿದ್ದ. ಅವಳು ಫ್ರಿಜ್ಜಿನ ಹತ್ತಿರ ಹೋಗಿ, ತಾನೇ ತಯಾರಿಸಿದ್ದ ಹೊಸ ಅರವತ್ತೇಳರ ಬಾಟಲಿ ತಂದು ಅವನ ಪಕ್ಕದಲ್ಲಿಟ್ಟಳು.

"ಇದನ್ನೇ ಕಳಿಸಿ ರಾಮಾಂಜಿನಪ್ಪನೋರೇ," ಎಂದಳು. "ಅವರ ಲ್ಯಾಬಲ್ಲಿ ಎಲ್ಲಾ ಅಂಟ್ಕೊಳ್ಳುತ್ತೆ. ಆಗ ಕೇಳ್ತಾರೆ."

"ನಿನ್ನ ಥೀಸಿಸ್ಸಮ್ಮಾ?"

"ಇನ್ನೂ ನೂರ ಮೂವತ್ತು ನಂಬರ್ ಇದೆ. ನೀವು ತೊಳ್ಕೊಟ್ರೆ ಮೊದಲಿಂದ ಶುರು ಮಾಡ್ತೀನಿ."

ಏಳನೇ ನೀರು ಕುಲುಕಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಗುಳ್ಳೆಯೂ ಇರಲಿಲ್ಲ.

ಹತ್ತು ಗಂಟೆಗೆ ಥರ್ಮಾಕೋಲ್ ಡಬ್ಬಿಯಲ್ಲಿ ಐಸು ತುಂಬಿ, ಹೊಸ ಅರವತ್ತೇಳನ್ನು ಅದರಲ್ಲಿಟ್ಟು, ಚಿಂತಾಮಣಿ ಬಸ್ ನಿಲ್ದಾಣದ ಪಕ್ಕದ ಕೊರಿಯರ್ ಆಫೀಸಿಗೆ ರಾಮಾಂಜಿನಪ್ಪ ತಾನೇ ಹೊತ್ತುಕೊಂಡು ಹೋದ. ಕೌಂಟರಿನಲ್ಲಿದ್ದ ಚಲಪತಿ ಪರಿಚಯದವನು. ಫಾರಂ ಎಳೆದುಕೊಂಡು, "ಕಳಿಸೋರು ವಾದಿರಾಜ್ ಸಾರ್ ಅಂತ ಬರ್ಕೊಳ್ಲಾ, ಯಾವಾಗ್ಲೂ ಬರ್ಕೊಳ್ಳಂಗೆ?" ಎಂದು ಕೇಳಿದ.

"ಬೇಡ. ಇಲ್ಲಿ ಕೊಡು, ನಾನೇ ಬರೀತೀನಿ."

"ಒಳಗೇನಿದೆ ಅಣ್ಣಾ? ಏನಾದ್ರೂ ಅಪಾಯದ್ದಾ?"

"ಏನೂ ಇಲ್ಲಪ್ಪ. ಇದರಿಂದ ಏನೂ ಆಗಲ್ಲ. ಅದು ಅವರಿಗೆ ಗೊತ್ತಾಗ್ಬೇಕು, ಅಷ್ಟೇ."

ಚಲಪತಿ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದುಕೊಟ್ಟ. ಕೈಬೆವರು, ಕಿವಿಯ ಎಣ್ಣೆ ಎಲ್ಲ ಸೇರಿ ಜಿಡ್ಡುಗಟ್ಟಿದ ಪೆನ್ನು. ಆದರೂ ರಾಮಾಂಜಿನಪ್ಪ ಕರವಸ್ತ್ರಕ್ಕೆ ಕೈಹಾಕಲಿಲ್ಲ. ಪೆನ್ನನ್ನು ಬರಿಗೈಯಲ್ಲೇ ಬಿಗಿಯಾಗಿ ಹಿಡಿದು, ಕಳಿಸುವವರ ಹೆಸರು ಎಂದಿದ್ದ ಜಾಗದಲ್ಲಿ ತನ್ನ ಹೆಸರು, ತಂದೆಯ ಹೆಸರು, ಊರು ಮೇಲೂರು ಎಂದು ಪೂರ್ತಿ ಬರೆದ.